2^756839 − 1: ಮಳೆಗಾಲದಲ್ಲಿ ಹಳೆಯ ಕಂಪ್ಯೂಟರ್ ಒಂದನ್ನು ಒರೆಗೆ ಹಚ್ಚಿದ ದಾಖಲೆ

ಹೊಸನಗರ ತಾಲ್ಲೂಕಿನ ನಮ್ಮ ಮನೆಯ ಜಗಲಿ ಕೋಣೆಯಲ್ಲಿ ಹತ್ತು ವರ್ಷಕ್ಕೂ ಹಳೆಯದಾದ ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್ ಇದೆ. ತೋಟದ ಖರ್ಚು, ಕೂಲಿಯ ಬಾಬ್ತು, ಅಡಿಕೆ ಮಾರಿದ ಪಟ್ಟಿ ಇವನ್ನೆಲ್ಲ ಪುಸ್ತಕದಿಂದ ಅದಕ್ಕೆ ದಾಟಿಸಬೇಕೆಂದು ಈ ವರ್ಷ ತೀರ್ಮಾನಿಸಿದ್ದೆ. ಆದರೆ ಅದು ಆಗಾಗ ಯಾವ ಸೂಚನೆಯನ್ನೂ ಕೊಡದೆ ನಿಂತುಬಿಡುತ್ತಿದ್ದುದರಿಂದ ಅದರ ಲೆಕ್ಕವನ್ನು ನಂಬಬಹುದೇ ಎಂಬ ಅನುಮಾನ ಮನಸ್ಸಿನಲ್ಲಿ ಉಳಿದಿತ್ತು. ಯಂತ್ರವೊಂದನ್ನು ಒರೆಗೆ ಹಚ್ಚಬೇಕಾದರೆ, ಉತ್ತರ ಮೊದಲೇ ತಿಳಿದಿರುವ, ಲಕ್ಷಾಂತರ ಹೆಜ್ಜೆಗಳಿರುವ, ಯಾವುದೇ ಒಂದು ಹೆಜ್ಜೆಯಲ್ಲಿ ಒಂದೇ ಒಂದು ಅಂಕಿ ತಪ್ಪಿದರೂ ಕೊನೆಯ ಉತ್ತರ ಪೂರ್ತಿ ಕೆಡುವಂಥ ಲೆಕ್ಕವನ್ನು ಅದಕ್ಕೆ ಕೊಡಬೇಕು. ಈಗಾಗಲೇ ಅವಿಭಾಜ್ಯವೆಂದು ತಿಳಿದಿರುವ ದೊಡ್ಡ ಸಂಖ್ಯೆಯೊಂದನ್ನು ಮತ್ತೆ ಪರೀಕ್ಷಿಸುವುದು ಅಂಥ ಲೆಕ್ಕ. ಸಂಖ್ಯೆಗಳ ಮೇಲೆ ನನಗೆ ಶಾಲೆಯ ದಿನಗಳಿಂದಲೂ ಇರುವ ಪ್ರೀತಿ ಉಳಿದ ಕೆಲಸವನ್ನು ಮಾಡಿಸಿತು. ಜೂನ್ ಎರಡನೆಯ ವಾರದಿಂದ ಜುಲೈ ಕೊನೆಯವರೆಗೆ, ತೋಟದಲ್ಲಿ ಕಾಲಿಡಲಾಗದ ಜಡಿಮಳೆಯ ದಿನಗಳಲ್ಲಿ ನಡೆದ ಆ ಕೆಲಸವನ್ನು ಮಳೆನಕ್ಷತ್ರಗಳ ಕ್ರಮದಲ್ಲಿಯೇ ಇಲ್ಲಿ ಬರೆದಿಟ್ಟಿದ್ದೇನೆ.

ಮೃಗಶಿರ

ಆರಿಸಿಕೊಂಡ ಸಂಖ್ಯೆ 2^756839 − 1. ಎರಡನ್ನು 7,56,839 ಸಲ ಗುಣಿಸಿ, ಬಂದದ್ದರಿಂದ ಒಂದನ್ನು ಕಳೆದರೆ ಅದು ಸಿಗುತ್ತದೆ. ಅದರಲ್ಲಿ 2,27,832 ಅಂಕಿಗಳಿವೆ. ಪುಟಕ್ಕೆ 3000 ಅಂಕಿ ಹಿಡಿಸಿದರೂ 76 ಪುಟ ಬೇಕು. 1992ರಲ್ಲಿ ಡೇವಿಡ್ ಸ್ಲೊವಿನ್‌ಸ್ಕಿ ಮತ್ತು ಪಾಲ್ ಗೇಜ್ ಅವರು ಇಂಗ್ಲೆಂಡಿನ ಹಾರ್ವೆಲ್ ಪ್ರಯೋಗಾಲಯದ ಕ್ರೇ-2 ಸೂಪರ್ ಕಂಪ್ಯೂಟರಿನ ನೆರವಿನಿಂದ ಇದನ್ನು ಕಂಡುಹಿಡಿದಾಗ, ತಿಳಿದಿದ್ದ ಅವಿಭಾಜ್ಯಗಳಲ್ಲಿ ಇದೇ ಅತಿ ದೊಡ್ಡದಾಗಿತ್ತು. 2024ರ ಅಕ್ಟೋಬರಿನಲ್ಲಿ ಪ್ರಕಟವಾದ 2^136279841 − 1 ಎಂಬ ಸಂಖ್ಯೆಗೆ 4,10,24,320 ಅಂಕಿಗಳಿರುವುದನ್ನು ನೋಡಿದರೆ ನನ್ನದು ಚಿಕ್ಕದೇ. ಆದರೂ ನನ್ನ ಯಂತ್ರ ಒಂದೂವರೆ ದಿನದಲ್ಲಿ ಮುಗಿಸಬಲ್ಲದ್ದು, ನಡುವೆ ಎಡವಲು ಸಾಕಷ್ಟು ಅವಕಾಶವಿರುವುದು ಎಂಬ ಎರಡು ಕಾರಣಗಳಿಗಾಗಿ ಇದೇ ಸರಿಯೆನಿಸಿತು.

ಈ ಬಗೆಯ ಅವಿಭಾಜ್ಯಗಳಿಗೆ ಮರ್ಸೆನ್ ಅವಿಭಾಜ್ಯಗಳೆಂದು ಹೆಸರು. ದ್ವಿಮಾನ ಪದ್ಧತಿಯಲ್ಲಿ ಬರೆದರೆ ನನ್ನ ಸಂಖ್ಯೆ 7,56,839 ಒಂದುಗಳ ಸಾಲು. ನಡುವೆ ಒಂದು ಸೊನ್ನೆಯೂ ಇಲ್ಲ. ಮುಂದೆ ಬರುವ ಸೌಕರ್ಯ ಮತ್ತು ತೊಡಕು ಎರಡೂ ಈ ಒಂದು ಗುಣದಿಂದ ಹುಟ್ಟಿದವು. ಘಾತಸೂಚಿಯೂ, ಅಂದರೆ ಎರಡನ್ನು ಎಷ್ಟು ಸಲ ಗುಣಿಸಬೇಕೆಂದು ಹೇಳುವ ಸಂಖ್ಯೆಯೂ, ಅವಿಭಾಜ್ಯವಾಗಿರಲೇಬೇಕು: 15 ಎಂಬುದು 3 ಮತ್ತು 5ರ ಗುಣಲಬ್ಧವಾದ್ದರಿಂದ 2^15 − 1, ಅಂದರೆ 32767, 7ರಿಂದಲೂ 31ರಿಂದಲೂ ನಿಶ್ಶೇಷವಾಗಿ ಭಾಗವಾಗುತ್ತದೆ. ಆದರೆ ಘಾತಸೂಚಿ ಅವಿಭಾಜ್ಯವಾಗಿದ್ದ ಮಾತ್ರಕ್ಕೆ ಸಂಖ್ಯೆ ಅವಿಭಾಜ್ಯವಾಗುವುದಿಲ್ಲ. 2^11 − 1 ಎಂದರೆ 2047, ಅದು 23 ಮತ್ತು 89ರ ಗುಣಲಬ್ಧ. ಈ ಹೆಸರಿಗೆ ಕಾರಣರಾದ ಫ್ರಾನ್ಸಿನ ಮರ್ಸೆನ್ ಅವರು ಅವಿಭಾಜ್ಯ ಕೊಡುವ ಘಾತಸೂಚಿಗಳೆಂದು 1644ರಲ್ಲಿ ಕೊಟ್ಟ ಪಟ್ಟಿಯಲ್ಲಿ 67 ಕೂಡ ಇತ್ತು. 2^67 − 1 ಅವಿಭಾಜ್ಯವಲ್ಲವೆಂದು ಫ್ರೆಂಚ್ ಗಣಿತಜ್ಞ ಲ್ಯೂಕಾಸ್ 1876ರಲ್ಲಿ ತೋರಿಸಿದರಾದರೂ ಅದರ ಅಪವರ್ತನಗಳು 193707721 ಮತ್ತು 761838257287 ಎಂದು ಫ್ರಾಂಕ್ ನೆಲ್ಸನ್ ಕೋಲ್ ಅವರು ತೋರಿಸಿಕೊಟ್ಟದ್ದು 1903ರಲ್ಲಿ. ಅಪವರ್ತನವೇ ಸಿಗದೆ ‘ಅವಿಭಾಜ್ಯವಲ್ಲ’ ಎಂದು ಹೇಳಲು ಬರುತ್ತದೆ ಎಂಬುದು ನನ್ನ ಮಟ್ಟಿಗೆ ಈ ಗಣಿತದ ಅತ್ಯಂತ ಸುಂದರವಾದ ಸಂಗತಿ. ಅಷ್ಟೇ ಅಪಾಯದ ಸಂಗತಿಯೂ ಹೌದು. ಅದನ್ನು ಮುಂದೆ ಹೇಳುತ್ತೇನೆ.

ಪರೀಕ್ಷೆಯ ವಿಧಾನ ಲ್ಯೂಕಾಸ್ ಅವರದು, ಈಗಿನ ರೂಪವನ್ನು ಕೊಟ್ಟವರು 1930ರಲ್ಲಿ ಅಮೆರಿಕದ ಗಣಿತಜ್ಞ ಲೆಮರ್. 4ರಿಂದ ಆರಂಭಿಸಬೇಕು, ಕೈಯಲ್ಲಿರುವ ಸಂಖ್ಯೆಯನ್ನು ವರ್ಗಮಾಡಿ 2 ಕಳೆಯಬೇಕು, ಬಂದದ್ದನ್ನು ಪರೀಕ್ಷೆಯಲ್ಲಿರುವ ಮರ್ಸೆನ್ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಬೇಕು. ಘಾತಸೂಚಿಗಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಶೇಷ ಸೊನ್ನೆಯಾದರೆ ಸಂಖ್ಯೆ ಅವಿಭಾಜ್ಯ, ಇಲ್ಲದಿದ್ದರೆ ಅಲ್ಲ. 2ನ್ನು ಬಿಟ್ಟು ಉಳಿದೆಲ್ಲ ಅವಿಭಾಜ್ಯ ಘಾತಸೂಚಿಗಳಿಗೂ ಈ ನಿಯಮ ಸಲ್ಲುತ್ತದೆ. ಅಣ್ಣನ ಮಗಳು ಹತ್ತನೆಯ ತರಗತಿ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು 2^7 − 1, ಅಂದರೆ 127ಕ್ಕೆ ಕೈಯಲ್ಲೇ ಮಾಡಿಸಿದೆ. 4, 14, ಆಮೇಲೆ 194ರ ಬದಲು ಶೇಷ 67, ಅನಂತರ 42, 111, ಕೊನೆಗೆ 111ರ ವರ್ಗದಿಂದ 2 ಕಳೆದ 12319. ಅದು 127ರ 97 ಪಟ್ಟು, ಶೇಷ ಸೊನ್ನೆ. ಐದು ವರ್ಗಗಳು, ಅರ್ಧ ಪುಟ.

ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದೆ. ಭಾಗಾಕಾರ ನಿಧಾನದ ಕೆಲಸವಾದ್ದರಿಂದ ಅದನ್ನು ತಪ್ಪಿಸುವ ಮಡಿಕೆಯ ಉಪಾಯವನ್ನು ಬಳಸಿದೆ. ಒಂಬತ್ತರ ಶೇಷ ಬೇಕಾದಾಗ ನಾವು ಅಂಕಿಗಳನ್ನು ಕೂಡುತ್ತೇವಲ್ಲ, ಅದೇ ತತ್ತ್ವ: 128ನ್ನು 127ರಿಂದ ಭಾಗಿಸಿದರೆ ಶೇಷ 1 ಆದ್ದರಿಂದ, ಯಾವುದೇ ಸಂಖ್ಯೆಯಲ್ಲಿ ಎಷ್ಟು 128ಗಳಿವೆಯೋ ಅಷ್ಟನ್ನು ಉಳಿದ ಭಾಗಕ್ಕೆ ಕೂಡಿದರೆ ಸಾಕು. 4487ರಲ್ಲಿ 35 ಸಲ 128, ಮೇಲೆ 7, ಕೂಡಿದರೆ 42. ದ್ವಿಮಾನದಲ್ಲಿ ಇದು ಸಾಲನ್ನು ಕತ್ತರಿಸಿ, ಎಡತುಂಡನ್ನು ಬಲತುಂಡಿನ ಕೆಳಗೆ ಬರೆದು ಕೂಡಿದಷ್ಟು ಸುಲಭ.

ಪ್ರೋಗ್ರಾಂ ಓಡಿಸಿದರೆ 127 ಅವಿಭಾಜ್ಯವಲ್ಲವೆಂದು ಬಂತು. 31 ಅಲ್ಲ, 7 ಅಲ್ಲ, ಯಾವುದೂ ಅಲ್ಲ. ಅರ್ಧ ದಿನ ಸಾಲು ಸಾಲಾಗಿ ಹುಡುಕಿದೆ. ಕೊನೆಗೆ ಪ್ರತಿ ಹೆಜ್ಜೆಯ ಸಂಖ್ಯೆಯನ್ನೂ ತೆರೆಯ ಮೇಲೆ ಬರೆಸಿ ಹುಡುಗಿಯ ನೋಟ್‌ಬುಕ್ಕಿನ ಪಕ್ಕದಲ್ಲಿಟ್ಟಾಗ ಅವಳೇ ಕಂಡುಹಿಡಿದಳು: “ಚಿಕ್ಕಪ್ಪ, ನಂದು ಕೊನೆಗೆ ಸೊನ್ನೆ, ಇದ್ರದ್ದು 127.” 12319ರಲ್ಲಿ 96 ಸಲ 128, ಮೇಲೆ 31, ಕೂಡಿದರೆ 127. ಒಂಬತ್ತರಿಂದ ಭಾಗವಾಗುವ ಸಂಖ್ಯೆಯ ಅಂಕಿಗಳನ್ನು ಕೂಡುತ್ತ ಹೋದರೆ 9 ಬರುತ್ತದೆಯೇ ಹೊರತು ಸೊನ್ನೆ ಎಂದಿಗೂ ಬರುವುದಿಲ್ಲ. ಹಾಗೆಯೇ, ಸೊನ್ನೆಯಲ್ಲದ ಸಂಖ್ಯೆಯನ್ನು ಎಷ್ಟೇ ಮಡಿಚಿದರೂ ಸೊನ್ನೆಯಾಗದು. ಇಲ್ಲಿ ಸೊನ್ನೆ ಬರುವುದು ಎಲ್ಲ ಒಂದುಗಳ ಸಾಲಿನ ವೇಷದಲ್ಲಿ. ಮಡಿಚಿದ ಮೇಲೆ ಬಂದದ್ದು ಮರ್ಸೆನ್ ಸಂಖ್ಯೆಗೆ ಸಮವಾಗಿದ್ದರೆ ಸೊನ್ನೆಯೆಂದು ತಿಳಿ ಎಂಬ ಒಂದು ಸಾಲು ಸೇರಿಸಿದ ಮೇಲೆ ಎಲ್ಲವೂ ಸರಿಯಾಯಿತು.

ಅದೇ ಸಂಜೆ 3ರಿಂದ 2300ರವರೆಗಿನ ಎಲ್ಲ ಅವಿಭಾಜ್ಯ ಘಾತಸೂಚಿಗಳನ್ನೂ ಓಡಿಸಿದೆ. 3, 5, 7, 13, 17, 19, 31, 61, 89, 107, 127, ಆಮೇಲೆ 521, 607, 1279, 2203, 2281. ಹದಿನಾರು ಬಂದವು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಇವುಗಳಲ್ಲಿ 127ನ್ನು, ಅಂದರೆ 39 ಅಂಕಿಗಳ ಸಂಖ್ಯೆಯನ್ನು, ಲ್ಯೂಕಾಸ್ 1876ರಲ್ಲಿ ಯಂತ್ರವಿಲ್ಲದೆ ಸಾಧಿಸಿದರು. ಕೊನೆಯ ಐದನ್ನು ರಾಫೆಲ್ ರಾಬಿನ್ಸನ್ 1952ರಲ್ಲಿ ಸ್ವ್ಯಾಕ್ ಎಂಬ ಕಂಪ್ಯೂಟರಿನಲ್ಲಿ ಕಂಡುಹಿಡಿದರು. ಆ ಅಂತರ ನನ್ನ ತೆರೆಯ ಮೇಲೆ ಎರಡು ಸಾಲುಗಳ ನಡುವೆ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಹೋದುದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಇನ್ನೂ ದೊಡ್ಡ ಘಾತಸೂಚಿಗಳಿಗೆ ಏರಿದಾಗ ಒಂದು ಸಣ್ಣ ಅಡ್ಡಿ ಬಂತು. 2^11213 − 1ರ 3376 ಅಂಕಿಗಳು ಸರಾಗವಾಗಿ ಅಚ್ಚಾದವು; 2^19937 − 1ರ ಸರದಿ ಬಂದಾಗ ಪ್ರೋಗ್ರಾಂ ದೋಷ ತೋರಿಸಿ ನಿಂತಿತು. ಪರೀಕ್ಷೆ ಸರಿಯಾಗಿಯೇ ಮುಗಿದಿತ್ತು. ಪೈಥಾನ್‌ನ ಈಚಿನ ಆವೃತ್ತಿಗಳು 4300ಕ್ಕಿಂತ ಹೆಚ್ಚು ಅಂಕಿಗಳ ಸಂಖ್ಯೆಯನ್ನು ದಶಮಾನದಲ್ಲಿ ಬರೆಯಲು ಒಪ್ಪುವುದಿಲ್ಲ. ಅಂಕಿಗಳು ದುಪ್ಪಟ್ಟಾದರೆ ಬರೆಯುವ ಸಮಯ ನಾಲ್ಕು ಪಟ್ಟಾಗುವುದರಿಂದ, ಯಾರಾದರೂ ಉದ್ದುದ್ದ ಸಂಖ್ಯೆ ಕಳಿಸಿ ಸರ್ವರ್ ಒಂದನ್ನು ಸ್ತಬ್ಧಗೊಳಿಸಬಾರದೆಂದು ಈ ಮಿತಿಯನ್ನು ಇಟ್ಟಿದ್ದಾರೆ. ಮಿತಿಯನ್ನು ತೆಗೆಯುವ ಒಂದು ಆಜ್ಞೆಯಿಂದ ಸರಿಹೋಯಿತು. 1979ರಲ್ಲಿ ಕಂಡುಹಿಡಿದ 2^44497 − 1 ಒಂದೂಕಾಲು ನಿಮಿಷದಲ್ಲಿ ಮುಗಿಯಿತು. ದೊಡ್ಡ ಸಂಖ್ಯೆಗಳಿಗೆ ಪೈಥಾನ್ ಬಳಸುವ ಕರತ್ಸುಬಾ ಎಂಬ ಗುಣಾಕಾರದ ವಿಧಾನದಲ್ಲಿ ಸಂಖ್ಯೆ ಎರಡು ಪಟ್ಟು ಉದ್ದವಾದರೆ ಒಂದು ವರ್ಗದ ಕೆಲಸ ಮೂರು ಪಟ್ಟಾಗುತ್ತದೆ, ವರ್ಗಗಳ ಎಣಿಕೆಯೂ ಎರಡು ಪಟ್ಟಾಗುತ್ತದೆ. ಒಟ್ಟು ಆರು ಪಟ್ಟು. ಆ ಲೆಕ್ಕದಲ್ಲಿ ನನ್ನ ಸಂಖ್ಯೆಗೆ ವರ್ಗವೊಂದಕ್ಕೆ ಸುಮಾರು 0.15 ಸೆಕೆಂಡು, ಒಟ್ಟು 31 ಗಂಟೆ. ಇದಕ್ಕಿಂತ ಎಷ್ಟೋ ವೇಗದ ಸಿದ್ಧ ಪ್ರೋಗ್ರಾಂಗಳಿವೆ. ಆದರೆ ಪ್ರತಿ ಸಾಲೂ ನನಗೆ ಅರ್ಥವಾಗುವಂಥದ್ದೇ ಬೇಕೆಂದು ಅವುಗಳ ತಂಟೆಗೆ ಹೋಗಲಿಲ್ಲ.

ಆರಿದ್ರಾ

ಆರಿದ್ರಾ ಮಳೆಯಲ್ಲಿ 31 ಗಂಟೆ ಸತತ ವಿದ್ಯುತ್ತು ಸಿಗುವುದೆಂದು ನಮ್ಮ ಕಡೆ ಯಾರೂ ಎಣಿಸುವುದಿಲ್ಲ. ಗಾಳಿಗೆ ಮರದ ಕೊಂಬೆ ತಂತಿಯ ಮೇಲೆ ಬಿದ್ದರೆ ಒಂದು ರಾತ್ರಿ ಹೋಯಿತೆಂದೇ ಅರ್ಥ. ಆದ್ದರಿಂದ ಪ್ರತಿ 10,000 ವರ್ಗಗಳಿಗೊಮ್ಮೆ, ಅಂದರೆ ಸುಮಾರು 25 ನಿಮಿಷಕ್ಕೊಮ್ಮೆ, ಕೈಯಲ್ಲಿರುವ ಶೇಷವನ್ನು ಡಿಸ್ಕಿಗೆ ಉಳಿಸುವ ವ್ಯವಸ್ಥೆ ಮಾಡಿದೆ. ಒಂದು ಶೇಷಕ್ಕೆ 94,605 ಬೈಟ್ ಸಾಕು. ಇನ್ವರ್ಟರ್ ಇದ್ದರೂ ವಿದ್ಯುತ್ತು ಹೋದೊಡನೆ ಯಂತ್ರ ಮರುಚಾಲನೆಗೊಳ್ಳುತ್ತಿತ್ತು. ಇನ್ವರ್ಟರಿನ ಹಿಂಬದಿಯ ಸ್ವಿಚ್ಚನ್ನು ಯುಪಿಎಸ್ ಕಡೆಗೆ ತಿರುಗಿಸಿದಾಗ ಬದಲಾವಣೆಯ ವಿಳಂಬ ಕಡಿಮೆಯಾಗಿ ಆ ತೊಂದರೆ ನಿಂತಿತು.

ಆದರೂ ಒಂದು ರಾತ್ರಿ ಬ್ಯಾಟರಿ ಪೂರ್ತಿ ಬರಿದಾಯಿತು. ಬೆಳಿಗ್ಗೆ ನೋಡಿದರೆ ಉಳಿಸಿದ ಫೈಲು ಇತ್ತು, ಒಳಗೆ ಏನೂ ಇರಲಿಲ್ಲ. ಹಳೆಯ ಶೇಷವನ್ನು ಅಳಿಸಿ ಹೊಸದನ್ನು ಬರೆಯುತ್ತಿದ್ದ ಆ ಗಳಿಗೆಯಲ್ಲಿಯೇ ಯಂತ್ರ ಆರಿಹೋಗಿತ್ತು. ಎರಡು ದಿನಗಳ ಕೆಲಸ ಹಾಗೆ ನೀರಿಗೆ ಬಿದ್ದುದಕ್ಕೆ ಮನಸ್ಸಿಗೆ ಬಹಳ ಬೇಸರವಾಯಿತು. ಅಂದಿನಿಂದ ಶೇಷವನ್ನು ಮೊದಲು ಬೇರೆ ಹೆಸರಿನಲ್ಲಿ ಬರೆದು, ಅದು ಡಿಸ್ಕಿನ ಮೇಲೆ ನಿಜವಾಗಿ ಇಳಿದಿದೆಯೆಂದು ಖಾತರಿಪಡಿಸಿಕೊಂಡು, ಆಮೇಲೆ ಹೆಸರು ಬದಲಿಸುವಂತೆ ಮಾಡಿದೆ. ಹಳೆಯ ಫೈಲುಗಳನ್ನು ಅಳಿಸುವುದನ್ನೂ ಬಿಟ್ಟೆ. ಎಪ್ಪತ್ತೈದೂ ಸೇರಿ ಏಳು ಮೆಗಾಬೈಟ್ ಮಾತ್ರ; ಜಾಗ ಉಳಿಸುವ ಅಗತ್ಯವೇ ಇರಲಿಲ್ಲ. ಹೀಗೆ ಎಲ್ಲವನ್ನೂ ಇಟ್ಟುಕೊಂಡದ್ದು ಮುಂದೆ ನನ್ನನ್ನು ಕಾಪಾಡಿತು.

ಪುನರ್ವಸು

ನಾಲ್ಕು ದಿನಗಳ ಓಟದ ಕೊನೆಗೆ ತೆರೆಯ ಮೇಲೆ ಬಂದದ್ದು ಸೊನ್ನೆಯಲ್ಲ. ಅರ್ಥವಿಲ್ಲದ ಉದ್ದನೆಯ ಒಂದು ಶೇಷ.

ಈ ಪರೀಕ್ಷೆಯ ಅಪಾಯವೆಂದು ಮೊದಲು ಹೇಳಿದ್ದು ಇದನ್ನೇ. ಉತ್ತರ ಸೊನ್ನೆಯಾದರೆ ಅದು ತನ್ನನ್ನು ತಾನೇ ಸಮರ್ಥಿಸಿಕೊಳ್ಳುತ್ತದೆ. 2,27,832 ಅಂಕಿಗಳ ಶೇಷವೊಂದು ಆಕಸ್ಮಿಕವಾಗಿ ಸೊನ್ನೆಯಾಗುವ ಸಂಭವ ಇಲ್ಲವೆಂದೇ ಹೇಳಬೇಕು. ಉತ್ತರ ಸೊನ್ನೆಯಲ್ಲದಿದ್ದರೆ, ಸಂಖ್ಯೆ ಅವಿಭಾಜ್ಯವಲ್ಲದೆ ಹಾಗಾಯಿತೋ, ದಾರಿಯಲ್ಲಿ ಯಂತ್ರ ತಪ್ಪಿ ಹಾಗಾಯಿತೋ ಶೇಷವನ್ನು ನೋಡಿ ಹೇಳಲಾಗದು. ಒಂದು ಬಿಟ್, ಅಂದರೆ ದ್ವಿಮಾನದ ಒಂದು ಅಂಕಿ, ತಪ್ಪಿದರೂ ಮುಂದಿನ ಒಂದೇ ವರ್ಗದಲ್ಲಿ ಆ ತಪ್ಪು ಇಡೀ ಸಾಲಿಗೆ ಹರಡುತ್ತದೆ. ಉತ್ತರ ತಿಳಿದಿರುವ ಸಂಖ್ಯೆಯನ್ನು ಆರಿಸಿಕೊಂಡಿದ್ದರಿಂದ ಮಾತ್ರ ತಪ್ಪು ಯಂತ್ರದ್ದೇ ಎಂದು ನನಗೆ ಖಚಿತವಾಗಿ ತಿಳಿಯಿತು. 1994ರಲ್ಲಿ ಅವಳಿ ಅವಿಭಾಜ್ಯಗಳ (ಎರಡರ ಅಂತರದಲ್ಲಿರುವ ಜೋಡಿಗಳ) ವ್ಯುತ್ಕ್ರಮಗಳನ್ನು ಕೂಡುತ್ತಿದ್ದ ಗಣಿತಜ್ಞ ಥಾಮಸ್ ನೈಸ್ಲಿ ಅವರು ಪೆಂಟಿಯಂ ಚಿಪ್ಪಿನ ಭಾಗಾಕಾರದ ದೋಷವನ್ನು ಪತ್ತೆಹಚ್ಚಿದ್ದು ಕೂಡ ಇಂಥ ಲೆಕ್ಕದ ನಡುವೆಯೇ.

ತಪ್ಪು ಎಲ್ಲಿ ನುಸುಳಿತೆಂದು ಹುಡುಕಲು ಜಾಕೋಬಿ ಚಿಹ್ನೆ ನೆರವಿಗೆ ಬಂತು. ಎರಡು ಸಂಖ್ಯೆಗಳನ್ನು ಕೊಟ್ಟರೆ +1, −1 ಅಥವಾ 0 ಎಂದು ಉತ್ತರಿಸುವ ಹಳೆಯ ಗಣಿತಸಾಧನ ಅದು. ಗುಣಲಬ್ಧದ ಚಿಹ್ನೆಯೆಂದರೆ ಚಿಹ್ನೆಗಳ ಗುಣಲಬ್ಧ, ಆದ್ದರಿಂದ ವರ್ಗವೊಂದರಿಂದ ಗುಣಿಸಿದರೆ ಚಿಹ್ನೆ ಬದಲಾಗುವುದಿಲ್ಲ. ನಮ್ಮ ಪರೀಕ್ಷೆಯಲ್ಲಿ ಒಂದು ಶೇಷದಿಂದ 2 ಕಳೆದದ್ದನ್ನೂ ಅದೇ ಶೇಷಕ್ಕೆ 2 ಕೂಡಿದ್ದನ್ನೂ ಗುಣಿಸಿದರೆ ಮುಂದಿನ ಶೇಷದಿಂದ 2 ಕಳೆದದ್ದು ಸಿಗುತ್ತದೆ; ಶೇಷಕ್ಕೆ 2 ಕೂಡಿದ ಆ ಸಂಖ್ಯೆಯಾದರೋ ಅದರ ಹಿಂದಿನ ಶೇಷದ ವರ್ಗವೇ. ಹಾಗಾಗಿ ಶೇಷದಿಂದ 2 ಕಳೆದು ಮರ್ಸೆನ್ ಸಂಖ್ಯೆಯ ಜೊತೆ ಚಿಹ್ನೆ ತೆಗೆದರೆ ಅದು ಹೆಜ್ಜೆಯಿಂದ ಹೆಜ್ಜೆಗೆ ಹಾಗೆಯೇ ಉಳಿಯಬೇಕು. ಮೊದಲ ವರ್ಗದ ನಂತರ ಕೈಯಲ್ಲಿರುವುದು 14, ಎರಡು ಕಳೆದರೆ 12, ಅಂದರೆ 4 ಮತ್ತು 3ರ ಗುಣಲಬ್ಧ. 4 ವರ್ಗವಾದ್ದರಿಂದ ಲೆಕ್ಕಕ್ಕಿಲ್ಲ. ನಮ್ಮ ಮರ್ಸೆನ್ ಸಂಖ್ಯೆಯನ್ನು 3ರಿಂದ ಭಾಗಿಸಿದರೆ ಶೇಷ 1, 4ರಿಂದ ಭಾಗಿಸಿದರೆ ಶೇಷ 3 ಆದ್ದರಿಂದ 3ರ ಚಿಹ್ನೆ −1. ಅಲ್ಲಿಂದ ಕೊನೆಯವರೆಗೆ ಎಲ್ಲೆಡೆಯೂ −1 ಇರಬೇಕು. +1 ಕಂಡರೆ ಅಲ್ಲಿಗೆ ಬರುವ ಮೊದಲೇ ಯಂತ್ರ ತಪ್ಪಿದೆ. −1 ಕಂಡರೆ ಮಾತ್ರ ನಿರಾಳವಾಗುವಂತಿಲ್ಲ, ಏಕೆಂದರೆ ತಪ್ಪಾದ ಶೇಷಗಳಲ್ಲಿಯೂ ಅರ್ಧದಷ್ಟಕ್ಕೆ −1 ಬರುತ್ತದೆ.

ಉಳಿಸಿದ್ದ ಎಪ್ಪತ್ತೈದು ಫೈಲುಗಳಿಗೂ ಚಿಹ್ನೆ ತೆಗೆಸಿದೆ. ಒಂದೊಂದಕ್ಕೆ ಒಂದೆರಡು ನಿಮಿಷ ಹಿಡಿಯಿತು. 4,20,000 ವರ್ಗಗಳ ಫೈಲಿನವರೆಗೆ −1, 4,30,000ದ ಫೈಲಿನಿಂದ ಕೊನೆಯವರೆಗೆ +1.

ಪೆಟ್ಟಿಗೆ ಬಿಚ್ಚಿದೆ. ಯಂತ್ರದ ನೆನಪಿನ ಕೋಶಗಳಿರುವ ಎರಡು ರ‍್ಯಾಮ್ ಪಟ್ಟಿಗಳ ಚಿನ್ನದ ಬಣ್ಣದ ಸಂಪರ್ಕಗಳೂ ಮಂಕಾಗಿದ್ದವು. ಮಳೆಗಾಲದಲ್ಲಿ ನಮ್ಮ ಗೋಡೆಗಳೇ ಬೆವರುವಾಗ ಒಳಗಿನ ಲೋಹ ಹೊಳೆಯುತ್ತಿರಲು ಸಾಧ್ಯವಿಲ್ಲ. ಹುಡುಗಿಯ ಪೆನ್ಸಿಲ್ ರಬ್ಬರಿನಿಂದ ಸಂಪರ್ಕಗಳನ್ನು ಮೆಲ್ಲಗೆ ಉಜ್ಜಿ, ಪುಡಿಯನ್ನು ಕುಂಚದಿಂದ ತೆಗೆದು, ಪಟ್ಟಿಗಳನ್ನು ಒಂದೊಂದಾಗಿ ಹಾಕಿ ಪೆನ್ ಡ್ರೈವಿನಿಂದ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಎಂಬ ಪ್ರೋಗ್ರಾಂ ಓಡಿಸಿದೆ. ಒಂದು ಪಟ್ಟಿ ಇಡೀ ರಾತ್ರಿ ಒಂದೂ ದೋಷವಿಲ್ಲದೆ ದಾಟಿತು. ಇನ್ನೊಂದು ಮೊದಲ ಗಂಟೆಯಲ್ಲಿ ಸರಿಯಾಗಿದ್ದು, ಯಂತ್ರ ಬಿಸಿಯಾದ ಮೇಲೆ ಒಂದೇ ವಿಳಾಸದಲ್ಲಿ ಮತ್ತೆ ಮತ್ತೆ ಕೆಂಪು ಸಾಲು ತೋರಿಸಿತು. ಮತ್ತೊಮ್ಮೆ ಉಜ್ಜಿದರೂ, ಬೇರೆ ಸ್ಲಾಟಿಗೆ ಹಾಕಿದರೂ ಅದೇ ವಿಳಾಸ. ಅದನ್ನು ತೆಗೆದಿಟ್ಟೆ. ಕಾರಣವಿಲ್ಲದೆ ನಿಲ್ಲುತ್ತಿದ್ದ ಯಂತ್ರದ ಕಾರಣ ಸಿಕ್ಕಿತ್ತು.

ಪುಷ್ಯ

4,20,000ದ ಫೈಲಿನಲ್ಲಿ ಚಿಹ್ನೆ ಸರಿಯಾಗಿತ್ತು. ಅಲ್ಲಿಂದ ಮುಂದುವರಿಸಿದರೆ ಇನ್ನು ಹದಿನಾಲ್ಕು ಗಂಟೆಯ ಕೆಲಸ ಉಳಿಯುತ್ತಿತ್ತು. ಬಹಳ ಯೋಚಿಸಿ, ಮೊದಲಿನಿಂದಲೇ ಆರಂಭಿಸಿದೆ. ಈ ಸಲ ಪ್ರತಿ ಫೈಲನ್ನೂ ಉಳಿಸುವ ಮೊದಲು ಚಿಹ್ನೆ ನೋಡುವಂತೆಯೂ, ಹಳೆಯ ಓಟದ ಅದೇ ಫೈಲಿನೊಡನೆ ಹೋಲಿಸಿ ಬರೆದಿಡುವಂತೆಯೂ ಪ್ರೋಗ್ರಾಂ ತಿದ್ದಿದೆ. 2,40,000ದವರೆಗೆ ಎರಡೂ ಓಟಗಳು ಬಿಟ್ ಬಿಟ್ಟಿಗೂ ಒಂದೇ ಆಗಿದ್ದವು. 2,50,000ದಲ್ಲಿ ಬೇರೆಯಾದವು. ಅಂದರೆ ಮೊದಲ ತಪ್ಪು ಅಲ್ಲಿಯೇ ಆಗಿತ್ತು, ಆದರೆ ಆ ತಪ್ಪು ಶೇಷದ ಚಿಹ್ನೆಯೂ −1 ಆಗಿದ್ದುದರಿಂದ ಪರೀಕ್ಷೆಗೆ ಸಿಕ್ಕಿರಲಿಲ್ಲ. 4,30,000ದ ಹತ್ತಿರ ಆದದ್ದು ಎರಡನೆಯ ತಪ್ಪು. ನಡುವಿನಿಂದ ಮುಂದುವರಿಸಿದ್ದರೆ ಈಗ ಮತ್ತೊಂದು ಸುಳ್ಳು ಶೇಷ ನನ್ನ ಎದುರಿಗೆ ಇರುತ್ತಿತ್ತು, ಯಂತ್ರ ಸರಿಯಿದ್ದೂ ಅದನ್ನು ಅನುಮಾನಿಸುತ್ತ ಕೂರುತ್ತಿದ್ದೆ.

ಜುಲೈ ಕೊನೆಯ ವಾರದ ಒಂದು ಮುಂಜಾನೆ, ಬಚ್ಚಲೊಲೆಗೆ ಬೆಂಕಿ ಹಾಕಿ ಬಂದು ನೋಡಿದಾಗ ಲೆಕ್ಕ ಮುಗಿದಿತ್ತು. 7,56,837 ವರ್ಗಗಳ ಕೊನೆಗೆ, ಮಡಿಚಿದ ಮೇಲೆ ಉಳಿದದ್ದು 7,56,839 ಒಂದುಗಳ ಸಾಲು. ಅಂದರೆ ಸೊನ್ನೆ.

ದಶಮಾನಕ್ಕೆ ತಿರುಗಿಸುವ ಕೆಲಸವೂ ಸರಿಯಾಗಿದೆಯೇ ಎಂದು ತಿಳಿಯಲು ಎರಡು ತುದಿಗಳನ್ನು ಕಾಗದದ ಮೇಲೆ ಪರೀಕ್ಷಿಸಿದೆವು. ಎರಡರ ಘಾತಗಳ ಕೊನೆಯ ಮೂರು ಅಂಕಿಗಳು, ಆರಂಭದ ಒಂದೆರಡನ್ನು ಬಿಟ್ಟರೆ, ನೂರು ಹೆಜ್ಜೆಗೊಮ್ಮೆ ಮರಳಿ ಬರುತ್ತವೆ. ಆದ್ದರಿಂದ 756839ರ ಬದಲು 39ನ್ನು ತೆಗೆದುಕೊಂಡರೆ ಸಾಕು. 2^39 ಎಂದರೆ 549755813888. ಒಂದು ಕಳೆದರೆ ಕೊನೆಗೆ 887. ಅಚ್ಚಾದ ಸಂಖ್ಯೆಯ ಕೊನೆಯಲ್ಲಿಯೂ 887 ಇತ್ತು. ಮುಂದಿನ ತುದಿಗೆ ಲಾಗರಿತಮ್: 756839ನ್ನು 0.30102999566ರಿಂದ ಗುಣಿಸಿದರೆ 227831.2409ರಷ್ಟು, ಪೂರ್ಣಾಂಕಕ್ಕೆ ಒಂದು ಕೂಡಿದರೆ ಅಂಕಿಗಳ ಎಣಿಕೆ, ದಶಮಾಂಶ ಭಾಗಕ್ಕೆ ಪ್ರತಿಲಾಗರಿತಮ್ ತೆಗೆದರೆ 1.741. ಸಂಖ್ಯೆ 17413 ಎಂದೇ ಆರಂಭವಾಗುತ್ತದೆ.

ಎಪ್ಪತ್ತಾರು ಪುಟಗಳನ್ನೂ ಅಚ್ಚು ಹಾಕಿಸಬೇಕೆಂದು ಹುಡುಗಿಯ ಹಟ. ಸದ್ಯಕ್ಕೆ ಮೊದಲ ಪುಟವನ್ನೂ ಕೊನೆಯ ಪುಟವನ್ನೂ ಹೊಸನಗರದ ಪೇಟೆಯಲ್ಲಿ ಅಚ್ಚು ಹಾಕಿಸಿ ತಂದು ಕಪಾಟಿನ ಬಾಗಿಲಿನ ಒಳಮೈಗೆ ಅಂಟಿಸಿದ್ದೇವೆ. ಕೆಟ್ಟ ರ‍್ಯಾಮ್ ಪಟ್ಟಿಯ ಮೇಲೆ ಎರಡು ತಪ್ಪುಗಳ ಸ್ಥಾನವನ್ನು ಬರೆದ ಚೀಟಿ ಹಚ್ಚಿ ಅದೇ ಕಪಾಟಿನಲ್ಲಿಟ್ಟಿದ್ದೇನೆ. ಉಳಿದ ಒಂದೇ ಪಟ್ಟಿಯಲ್ಲಿ ಯಂತ್ರ ಓಡುತ್ತಿದೆ. ಹಗಲು ಹೋದ ವರ್ಷದ ಕೊನೆಕೊಯ್ಲಿನ ಅಡಿಕೆಯ ಲೆಕ್ಕ ಅದಕ್ಕೆ ಏರುತ್ತಿದೆ, ರಾತ್ರಿ ಸ್ಲೊವಿನ್‌ಸ್ಕಿ ಮತ್ತು ಗೇಜ್ ಅವರೇ 1994ರಲ್ಲಿ ಕಂಡುಹಿಡಿದ 2,58,716 ಅಂಕಿಗಳ 2^859433 − 1ರ ಪರೀಕ್ಷೆ. ನಿನ್ನೆ ರಾತ್ರಿಗೆ 1,30,000 ವರ್ಗಗಳು ಮುಗಿದಿವೆ. ಈವರೆಗಿನ ಹದಿಮೂರು ಫೈಲುಗಳಲ್ಲಿಯೂ ಚಿಹ್ನೆ −1.